12 ನಿಮಿಷದ ಕನ್ಸೋಲು

ನನ್ನ ಗೇಮ್ ಕನ್ಸೋಲು ಶುರುವಾದ 12 ನಿಮಿಷಕ್ಕೆ ಸರಿಯಾಗಿ ಆಫ್ ಆಗುತ್ತದೆ. 11ಕ್ಕಲ್ಲ, 13ಕ್ಕಲ್ಲ. ಮೊದಲು ಫ್ಯಾನು ಗುಂಯ್ ಅನ್ನುತ್ತದೆ, ಆಮೇಲೆ ವಿಮಾನ ರನ್‌ವೇ ಹಿಡಿದ ಹಾಗೆ ಭೋರ್ಗರೆಯುತ್ತದೆ, ಯಂತ್ರ ಬಿಸಿಯಾಗಿದೆ ಅಂತ ಪರದೆಯ ಮೇಲೊಂದು ಸಾಲು ಬರುತ್ತದೆ, ಓದಿ ಮುಗಿಸುವುದರೊಳಗೆ ಕತ್ತಲೆ. ಒಂದು ತಿಂಗಳಿಂದ ಇದೇ ಕತೆ. 12 ನಿಮಿಷದಲ್ಲಿ ಯಾವ ರಾಕ್ಷಸನೂ ಸಾಯುವುದಿಲ್ಲ ಸ್ವಾಮಿ.

ಇದನ್ನು ಗೆಳೆಯರ ಹತ್ತಿರ ಬಾಯಿ ಬಿಡಬಾರದಿತ್ತು. ಬಿಟ್ಟೆ. ಭಾನುವಾರ ಬೆಳಗ್ಗೆ ಮೂರು ಜನ ಬಂದು ಕೂತರು.

ಮೊದಲನೆಯವನು ಡಾಕ್ಟ್ರು. ವೈದ್ಯನೇನಲ್ಲ, ಕಂಡದ್ದನ್ನೆಲ್ಲ ಬಿಚ್ಚುವ ಚಟ, ಅದಕ್ಕೆ ಆ ಹೆಸರು. ಬಿಚ್ಚಿದವುಗಳಲ್ಲಿ ಎಷ್ಟು ಬದುಕಿ ಉಳಿದವು ಅಂತ ನಾವು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಎರಡನೆಯವನು ವಕೀಲ್ರು. ಅವನೂ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. 'ಒಪ್ಪಿದ್ದೇನೆ' ಅನ್ನೋ ಬಟನ್ ಒತ್ತುವ ಮೊದಲು ಅದರ ಮೇಲಿರುವ 20 ಪುಟವನ್ನೂ ಓದುವ ಮನುಷ್ಯ ನನಗೆ ಗೊತ್ತಿರುವ ಹಾಗೆ ಅವನೊಬ್ಬನೇ. ಮೂರನೆಯವಳು ಸುಮಾ. ಹಿಂದೊಮ್ಮೆ ಕನ್ಸೋಲನ್ನು ರಿಪೇರಿಗೆ ಕಳಿಸಿ ವಾಪಸ್ ಪಡೆದವಳು. ನಮ್ಮಲ್ಲಿ ಅನುಭವಸ್ಥೆ ಅಂತ ಇರುವುದು ಅವಳೇ.

ಡಾಕ್ಟ್ರು ಸ್ಕ್ರೂಡ್ರೈವರ್ ಡಬ್ಬಿ ಬಗಲಲ್ಲಿಟ್ಟುಕೊಂಡೇ ಬಂದಿದ್ದ. "ಅರ್ಧ ಗಂಟೆ ಕೆಲಸ ಕಣೋ. ಬಿಚ್ಚೋದು, ಧೂಳು ಊದೋದು, ಪೇಸ್ಟ್ ಬದಲಾಯಿಸೋದು, ಮುಚ್ಚೋದು. ಇದಕ್ಕೆ ಯಾರಾದ್ರೂ ಕಳಿಸ್ತಾರಾ?"

"ವಾರಂಟಿ ಎಷ್ಟು ದಿನ ಇದೆ?" ವಕೀಲ್ರ ಮೊದಲ ಪ್ರಶ್ನೆ.

ಬಿಲ್ಲು ಹುಡುಕಿ ತಂದೆ. ಆ ನುಣುಪು ಕಾಗದದ ಬಿಲ್ಲು ಗೊತ್ತಲ್ಲ, ವರ್ಷ ತುಂಬುವುದರೊಳಗೆ ಅಕ್ಷರವೆಲ್ಲ ಆವಿಯಾಗುವಂಥದ್ದು. ವಕೀಲ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ, ಓರೆ ಮಾಡಿದ, ಕನ್ನಡಕ ಹಣೆಗೇರಿಸಿ ಮೂಗಿನ ಹತ್ತಿರ ತಂದ. "19 ದಿನ" ಅಂದ.

ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಡಾಕ್ಟ್ರ ಕೈ ಅಲ್ಲೇ ನಿಂತಿತು.

"19 ದಿನ ಇದ್ದೂ ಸ್ಕ್ರೂ ಮುಟ್ಟೋದು ಅಂದ್ರೆ ಇರಲಾರದೆ ಇರುವೆ ಬಿಟ್ಕೊಂಡ ಹಾಗೆ" ಅಂತ ವಕೀಲ್ರು ತೀರ್ಪು ಕೊಟ್ಟ.

"ಹಂಗೇನಿಲ್ಲ ಬಿಡಯ್ಯ" ಡಾಕ್ಟ್ರು ಸಿಡುಕಿದ. "ಸ್ಟಿಕ್ಕರ್ ಹರಿದ್ರೆ ವಾರಂಟಿ ಹೋಯ್ತು ಅನ್ನೋದೆಲ್ಲ ಬರೀ ಹೆದರಿಕೆ. ಅಮೆರಿಕದಲ್ಲಿ ಹಾಗನ್ನೋ ಕಂಪನಿಗಳಿಗೆ ನೋಟಿಸೇ ಕೊಟ್ಟಿದ್ದಾರೆ."

"ಕೊಟ್ಟಿದ್ದಾರೆ. 2018ರಲ್ಲಿ. ಗ್ರಾಹಕರ ಹಿತ ಕಾಯೋ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನು ಆರು ಕಂಪನಿಗೆ ಎಚ್ಚರಿಕೆ ಪತ್ರ ಬರೀತು, ಅದರಲ್ಲಿ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂರೂ ಇದ್ವು. 1975ರ ವಾರಂಟಿ ಕಾಯ್ದೆ ಇಟ್ಕೊಂಡು. ಆದ್ರೆ ಅದು ಅಲ್ಲಿನ ಕಾಯ್ದೆ. ಅಲ್ಲೂ ಕೂಡ, ಬಿಚ್ಚೋವಾಗ ನೀನು ಮುರಿದಿದ್ದಕ್ಕೆ ವಾರಂಟಿ ಕೊಡಿ ಅಂತ ಯಾವ ಕಾಯ್ದೆಯೂ ಹೇಳಲ್ಲ. ನೀನು ಮುರೀತೀಯ."

"ನಾನು ಮುರೀತೀನಾ?"

"ಆ ಡಿಸ್ಕು ಎಲ್ಲಿ?" ಅಂತ ನಾನು ಕೇಳಿದೆ. ಡಾಕ್ಟ್ರು ನನ್ನ ಕಡೆ ತಿರುಗಲಿಲ್ಲ. ಡಿಸ್ಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಂತೂ ಕಳಿಸುವುದು ಅಂತ ತೀರ್ಮಾನವಾಗುವ ಹೊತ್ತಿಗೆ ಸುಮಾ ಬಾಯಿ ತೆಗೆದಳು. "ಬ್ಯಾಕಪ್ ತಗೊಂಡಿದ್ದೀಯಾ?"

ಇಲ್ಲ. ಕ್ಲೌಡ್ ಚಂದಾ ಮುಗಿದು ಎರಡು ತಿಂಗಳಾಗಿತ್ತು. ಒಳಗೆ 140 ಗಂಟೆ ಆಡಿ ಉಳಿಸಿಟ್ಟ ಆಟದ ಸೇವ್ ಇತ್ತು.

"ಹಾಗಾದ್ರೆ ಅದಕ್ಕೊಂದು ನಮಸ್ಕಾರ ಹಾಕು. ಕಳಿಸಿದ ಪೆಟ್ಟಿಗೆನೇ ವಾಪಸ್ ಬರುತ್ತೆ ಅಂತಿಲ್ಲ. ಇದನ್ನಿಟ್ಕೊಂಡು ಸರಿ ಇರೋ ಇನ್ನೊಂದನ್ನ ಕಳಿಸಿಬಿಟ್ರೆ? ಒಳಗಿನ ಹಾರ್ಡ್ ಡಿಸ್ಕನ್ನ ಮಾತ್ರ ಕಿತ್ಕೊಂಡ್ರೆ ಆಯ್ತು ಅಂತಲೂ ಅಂದ್ಕೋಬೇಡ. ಪ್ಲೇಸ್ಟೇಷನ್ 3ರ ಕಾಲದಲ್ಲಿ ಜನ ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಾಕಿದ್ರೆ, ಅದು ಫಾರ್ಮ್ಯಾಟ್ ಮಾಡ್ಲಾ ಅಂತಿತ್ತು. ಡಿಸ್ಕಿಗೆ ಹಾಕಿದ ಬೀಗದ ಕೈ ಹಳೇ ಯಂತ್ರದ ಬೋರ್ಡಲ್ಲೇ ಇರೋದು."

ಯುಎಸ್‌ಬಿ ಡ್ರೈವ್ ಹಚ್ಚಿ ಪೂರ್ತಿ ಬ್ಯಾಕಪ್ ಒತ್ತಿದೆ. ಪರದೆ ಹೇಳಿತು: 52 ನಿಮಿಷ. ಕನ್ಸೋಲಿನ ಆಯುಸ್ಸು 12 ನಿಮಿಷ. ನಡುವೆ ನಿಂತರೆ ಮತ್ತೆ ಸೊನ್ನೆಯಿಂದ ಶುರು. ರದ್ದು ಒತ್ತಿ ಎಲ್ಲರ ಮುಖ ನೋಡಿದೆ.

ಡಾಕ್ಟ್ರ ಮುಖದಲ್ಲಿ ಕಳೆ ಬಂತು. "ಒಳಗೆ ಕೈ ಹಾಕಲ್ಲ. ಹೊರಗಿಂದ ಕ್ಲೀನ್ ಮಾಡಬಹುದು ತಾನೆ ವಕೀಲ್ರೇ?"

ವಕೀಲ್ರು ಮ್ಯಾನುಯಲ್ ತಿರುವಿ ಹಾಕಿ, "ಹೊರಗಿಂದ ಮಾಡಿ ಅಂತ ಅವರೇ ಬರೆದಿದ್ದಾರೆ" ಅಂದ. ಇಡೀ ಮನೆಯಲ್ಲಿ ಆ ಪುಸ್ತಕದ ಪ್ಲಾಸ್ಟಿಕ್ಕು ಬಿಚ್ಚಿದ್ದು ಅದೇ ಮೊದಲು.

ವೈರು ಕಿತ್ತು ಕನ್ಸೋಲನ್ನು ನೆಲಕ್ಕಿಳಿಸಿದೆವು. ಡಾಕ್ಟ್ರು ಮೊಬೈಲ್ ಟಾರ್ಚ್ ಹಾಕಿ ಹಿಂದಿನ ಜಾಲರಿಯ ಸಂದಿಗೆ ಹಿಡಿದ. ನಾವು ನಾಲ್ಕೂ ಜನ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದೆವು. ಜಾಲರಿಯ ಹಿಂದೆ ಬೂದು ಬಣ್ಣದ ಕಂಬಳಿಯೊಂದು ಹಾಸಿತ್ತು. ಧೂಳು ಅಂದರೆ ಪುಡಿ ಅಂದುಕೊಂಡಿದ್ದೆ. ಇದು ನೇಯ್ದ ಬಟ್ಟೆ. ಅದರಲ್ಲಿ ಒಂದು ಉದ್ದ ಕೂದಲು ಎದ್ದು ನಿಂತು ಅಲ್ಲಾಡುತ್ತಿತ್ತು, ನಮ್ಮ ಉಸಿರಿಗೆ. ಡಾಕ್ಟ್ರು ಚಿಮುಟದಲ್ಲಿ ಅಂಚು ಹಿಡಿದು ಮೆಲ್ಲಗೆ ಎಳೆದ. ಸೀಳಲಿಲ್ಲ, ಚೂರಾಗಲಿಲ್ಲ, ಒಂದೇ ತುಂಡಾಗಿ ಸುರುಳಿ ಸುತ್ತಿಕೊಂಡು ಈಚೆ ಬಂತು.

"ಇದನ್ನ ತೊಳೆದು ಒಣಗಿಸಿದ್ರೆ ಕಾಲೊರಸು ಆಗುತ್ತೆ" ಅಂದಳು ಸುಮಾ.

"ಇನ್ನೊಂದು ಕಡೆಯಿಂದ ಊದಿಬಿಡ್ಲಾ?" ಅಂತ ನಾನು ಗಾಳಿಯ ಕ್ಯಾನ್ ಎತ್ತಿಕೊಂಡೆ. ಡಾಕ್ಟ್ರು ನನ್ನ ಕೈ ಹಿಡಿದ. "ಫ್ಯಾನಿನ ರೆಕ್ಕೆ ತಿರುಗದ ಹಾಗೆ ಹಿಡ್ಕೊಂಡೇ ಊದಬೇಕು. ಸುಮ್ನೆ ಊದಿದ್ರೆ ಅದು ಬುಗುರಿ ತಿರುಗಿದ ಹಾಗೆ ತಿರುಗಿ ಬೇರಿಂಗ್ ಹಾಳಾಗುತ್ತೆ, ಮೋಟಾರು ಡೈನಮೋ ಆಗಿ ಬೋರ್ಡಿಗೇ ಕರೆಂಟ್ ತಳ್ಳುತ್ತೆ. ಹಿಡ್ಕೊಳ್ಳೋಣ ಅಂದ್ರೆ ಬಿಚ್ಚಬೇಕು. ಬಿಚ್ಚೋಣ ಅಂದ್ರೆ ಇವರು ಬಿಡಲ್ಲ." ವಕೀಲ್ರು ನಿಜಕ್ಕೂ ಬಿಡಲಿಲ್ಲ. ಹೊರಗಿನಿಂದ ಬ್ರಷ್ಷು, ವ್ಯಾಕ್ಯೂಮ್ ಕ್ಲೀನರು, ಅಷ್ಟೇ.

ಮತ್ತೆ ಹಚ್ಚಿದೆವು. ಬ್ಯಾಕಪ್ ಶುರು. ಸೊನ್ನೆಯಿಂದ ಪಟ್ಟಿ ತೆವಳತೊಡಗಿತು.

ಇನ್ನು 52 ನಿಮಿಷ ಮಾತಾಡದೆ ಕೂರುವ ಜನವೇ ನಾವು?

ಡಾಕ್ಟ್ರು ಧೈರ್ಯ ಹೇಳಿದ. "ಕಾಪಿ ಮಾಡೋವಾಗ ಗ್ರಾಫಿಕ್ಸ್ ಚಿಪ್ಪಿಗೆ ಕೆಲಸವಿಲ್ಲ. ಬಿಸಿ ಹುಟ್ಟೋದೇ ಕಮ್ಮಿ. ಆಟ ಆಡೋವಾಗ 12 ನಿಮಿಷ ಇದ್ದದ್ದು ಈಗ ಜಾಸ್ತಿ ಎಳೆಯುತ್ತೆ. ಅಸಲು ರೋಗ ಪೇಸ್ಟಲ್ಲಿರುತ್ತೆ. ಚಿಪ್ಪಿನ ಮೇಲೆ ಶಾಖ ಹೀರೋ ಲೋಹದ ತುಂಡು, ಅದೇ ಹೀಟ್‌ಸಿಂಕ್ ಕೂತಿದೆ ಅಂದ್ಕೋ. ಎರಡೂ ಕನ್ನಡಿ ಥರ ನುಣ್ಣಗೆ ಕಂಡ್ರೂ ನಡುವೆ ಸಣ್ಣ ಸಣ್ಣ ಸಂದು. ಸಂದಲ್ಲಿ ಗಾಳಿ. ಶಾಖ ದಾಟಿಸೋ ಕೆಲಸದಲ್ಲಿ ಗಾಳಿಯಷ್ಟು ಸೋಮಾರಿ ಯಾವುದೂ ಇಲ್ಲ. ಆ ಸಂದು ತುಂಬೋಕೆ ಪೇಸ್ಟು. ವರ್ಷಗಟ್ಟಲೆ ಕಾದೂ ಕಾದೂ ಅದು ಸೀಮೆಸುಣ್ಣ ಆಗುತ್ತೆ."

"ಇವನದು ಇನ್ನೂ ವರ್ಷದ ಕೂಸು" ಅಂದಳು ಸುಮಾ. "ಅಷ್ಟರಲ್ಲಿ ಸೀಮೆಸುಣ್ಣ ಆಗುತ್ತಾ?"

ಡಾಕ್ಟ್ರು ಗಡ್ಡ ಕೆರೆದುಕೊಂಡ. ಅವನಲ್ಲಿ ನನಗೆ ಇಷ್ಟವಾಗುವುದು ಇದೇ. ಸ್ಕ್ರೂಡ್ರೈವರ್ ಕೈಯಲ್ಲಿಲ್ಲದಾಗ ಸುಳ್ಳು ಹೇಳುವುದಿಲ್ಲ. "ಆಗಬಾರದು. ಐದಾರು ವರ್ಷದ್ದಾಗಿದ್ರೆ ಪೇಸ್ಟ್ ಅಂತ ಕಣ್ಮುಚ್ಕೊಂಡು ಹೇಳ್ತಿದ್ದೆ. ವರ್ಷದೊಳಗೆ ಹೀಗಾದ್ರೆ ಒಂದೋ ಧೂಳು, ಇಲ್ಲಾ ಫ್ಯಾನು, ಇಲ್ಲಾ ಫ್ಯಾಕ್ಟರಿಲೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ."

"ಫ್ಯಾಕ್ಟರಿ ತಪ್ಪನ್ನ ಫ್ಯಾಕ್ಟರಿನೇ ತಿದ್ದಲಿ" ಅಂದ ವಕೀಲ್ರು. 23 ಪರ್ಸೆಂಟ್. 12ನೆಯ ನಿಮಿಷ ಬಂದಾಗ ನಾಲ್ಕೂ ಜನ ಉಸಿರು ಹಿಡಿದೆವು. ಬಂತು, ಹೋಯಿತು. ಫ್ಯಾನು ಗುಂಯ್ ಅಂದದ್ದು ಬಿಟ್ಟರೆ ಏನೂ ಆಗಲಿಲ್ಲ.

ಧೈರ್ಯ ಬಂದದ್ದೇ ವಕೀಲ್ರು ಇತಿಹಾಸಕ್ಕಿಳಿದ. "ಎಕ್ಸ್‌ಬಾಕ್ಸ್ 360 ನೆನಪಿದೆಯಾ? 2005ರಲ್ಲಿ ಬಂತು. ಪವರ್ ಬಟನ್ ಸುತ್ತ ಮೂರು ಕೆಂಪು ದೀಪ ಹತ್ತಿದ್ರೆ ಮುಗೀತು ಕತೆ. 2007ರಲ್ಲಿ ಮೈಕ್ರೋಸಾಫ್ಟ್ ಅದೊಂದು ರೋಗಕ್ಕೇ ವಾರಂಟಿನ ಮೂರು ವರ್ಷಕ್ಕೆ ಏರಿಸಿ, 100 ಕೋಟಿ ಡಾಲರಿಗೂ ಮೇಲೆ ಎತ್ತಿಡಬೇಕಾಯ್ತು. ಅಷ್ಟರಲ್ಲಿ ಜನ ಏನು ಮಾಡಿದ್ರು? ಕನ್ಸೋಲಿಗೆ ಟವೆಲ್ ಸುತ್ತಿ ಆನ್ ಮಾಡಿಟ್ರು."

"ಬಿಸಿಯಾಗಿ ಸತ್ತಿದ್ದಕ್ಕೆ ಇನ್ನೂ ಬಿಸಿ ಮಾಡೋದಾ?" ನನಗೆ ನಗು ತಡೆಯಲಿಲ್ಲ.

"ಜ್ವರ ಬಂದವನಿಗೆ ಕಂಬಳಿ ಹೊದಿಸಲ್ವಾ, ಹಾಗೆ. ತಮಾಷೆ ಅಂದ್ರೆ ಕೆಲವು ಎದ್ದು ಕೂತ್ಕೊಂಡ್ವು! ಬೆಸುಗೆ ಕರಗಿ ಮತ್ತೆ ಅಂಟ್ತು ಅಂತ ಎಲ್ಲರೂ ನಂಬಿದ್ರು. ಸೀಸವಿಲ್ಲದ ಬೆಸುಗೆ ಕರಗೋಕೆ ಹತ್ತಿರ ಹತ್ತಿರ 217 ಡಿಗ್ರಿ ಬೇಕು, ಟವೆಲ್ಲಿಂದ ಎಲ್ಲಿ ಬರುತ್ತೆ? ಬಿಸಿಗೆ ಉಬ್ಬಿ, ಬಿಟ್ಟುಹೋದ ತುದಿಗಳು ಒಂದಕ್ಕೊಂದು ತಾಗ್ತಿದ್ವು, ಅಷ್ಟೇ. ನಾಲ್ಕು ದಿನಕ್ಕೆ ಮತ್ತೆ ಮೂರು ದೀಪ. ಕೊನೆಗೆ 2021ರಲ್ಲಿ ಕಂಪನಿಯವರೇ ಸಾಕ್ಷ್ಯಚಿತ್ರದಲ್ಲಿ ಒಪ್ಕೊಂಡ್ರು. ಬಿಟ್ಟುಹೋಗಿದ್ದು ಬೋರ್ಡಿನ ಬೆಸುಗೆ ಅಲ್ಲ, ಬಿಡಿಭಾಗದ ಒಳಗಿನ ಜೋಡಣೆ. ಬಿಸಿ, ತಣ್ಣಗೆ, ಬಿಸಿ, ತಣ್ಣಗೆ ಆಗಿ ಆಗಿ ಬಿರುಕು ಬಿಟ್ಟಿದ್ದು. ಅದನ್ನ ಮನೇಲಿ ಯಾವ ಡಾಕ್ಟ್ರು ಸರಿ ಮಾಡ್ತಾನೆ?"

"ಮದರ್‌ಬೋರ್ಡನ್ನ ಓವನ್ನಿಗೆ ಇಟ್ಟವರೂ ಇದ್ದಾರೆ" ಅಂತ ಡಾಕ್ಟ್ರು ಮೆಲ್ಲಗೆ ಸೇರಿಸಿದ. ಹೇಳಿದ ದನಿ ಯಾಕೋ ಪರರ ಕತೆಯದ್ದಾಗಿರಲಿಲ್ಲ. ಕೆದಕಲಿಲ್ಲ.

41 ಪರ್ಸೆಂಟ್. ಈಗ ಡಿಸ್ಕಿನ ವಿಷಯ.

ಡಾಕ್ಟ್ರ ಹತ್ತಿರ ಹಳೆಯದೊಂದು ಕನ್ಸೋಲಿದೆ. ಅದೂ ಬಿಸಿಯಾಗುತ್ತಿತ್ತು. ವಾರಂಟಿ ತೀರಿ ಎಷ್ಟೋ ಕಾಲವಾಗಿತ್ತು, ಬಿಚ್ಚಿದ್ದರಲ್ಲಿ ತಪ್ಪಿಲ್ಲ. ಸ್ಕ್ರೂಗಳಿಗೆ ನಕ್ಷತ್ರದಂಥ ತಲೆ, ನಟ್ಟನಡುವೆ ಒಂದು ಪುಟ್ಟ ಮೊಳೆ, ಮಾಮೂಲಿ ಸ್ಕ್ರೂಡ್ರೈವರ್ ಕೂರದ ಹಾಗೆ. ಅದಕ್ಕೂ ಅವನ ಡಬ್ಬಿಯಲ್ಲಿ ಬಿಟ್ ಇತ್ತು. ಹಳೆ ಪೇಸ್ಟು ಕೆರೆದ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿದ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟಿಟ್ಟ. ಎಲ್ಲ ಪುಸ್ತಕದಲ್ಲಿ ಬರೆದ ಹಾಗೆ. ಎಡವಟ್ಟಾದದ್ದು ಅದಕ್ಕೂ ಮುಂಚೆ, ಮುಚ್ಚಳ ತೆಗೆಯುವಾಗ. ಮುಚ್ಚಳಕ್ಕೂ ಕೆಳಗಿನ ಬೋರ್ಡಿಗೂ ನಡುವೆ ರಿಬ್ಬನ್ ಕೇಬಲ್ ಅಂತ ಒಂದಿರುತ್ತದೆ, ಕಾಗದದಷ್ಟು ತೆಳು, ಬೆರಳಗಲ. ಈ ಮಹಾರಾಯ ಡಬ್ಬಿಯ ಮುಚ್ಚಳ ಕಿತ್ತ ಹಾಗೆ ಕಿತ್ತ. ಚರ್ ಅಂತ ಅಷ್ಟೇ ಸದ್ದು. ಈಗ ಆ ಕನ್ಸೋಲು ಹಿಮಾಲಯದ ಹಾಗೆ ತಣ್ಣಗಿದೆ, ಫ್ಯಾನಿನ ಸದ್ದೇ ಇಲ್ಲ. ಆದರೆ ಡಿಸ್ಕ್ ಹೊರಗೆ ಬಾ ಅನ್ನುವ ಬಟನ್ನಿಗೂ ಒಳಗಿನ ಬೋರ್ಡಿಗೂ ಮಾತುಕತೆ ನಿಂತುಹೋಗಿದೆ. ರಿಪೇರಿ ಆಯಿತು ನೋಡೋ ಅಂತ ಪರೀಕ್ಷೆಗೆ ಹಾಕಿದ ಆಟದ ಡಿಸ್ಕು ನನ್ನದು.

"ಮೆನುನಿಂದ ಈಚೆ ತೆಗೀಬಹುದು ಅಂತ ಕೇಳಿದ್ದೀನಿ" ಅಂದ ಡಾಕ್ಟ್ರು.

"ಎರಡು ವರ್ಷದಿಂದ ಕೇಳ್ತಾನೇ ಇದ್ದೀಯ."

ಅವನು ಮಾತು ತಿರುಗಿಸಿದ. "ಪ್ಲೇಸ್ಟೇಷನ್ 5 ಆದ್ರೆ ನಾನೂ ಹೀಟ್‌ಸಿಂಕ್ ಎತ್ತಲ್ಲಪ್ಪ. ಅದರಲ್ಲಿ ಪೇಸ್ಟಿಲ್ಲ, ದ್ರವ ಲೋಹ. ಗ್ಯಾಲಿಯಂ ಜಾತಿದು. ಶಾಖನೂ ಚೆನ್ನಾಗಿ ದಾಟಿಸುತ್ತೆ, ಕರೆಂಟನ್ನೂ ದಾಟಿಸುತ್ತೆ. ಒಂದು ಹನಿ ಅತ್ತಿತ್ತ ಜಾರಿದ್ರೆ ಬೋರ್ಡ್ ಢಂ. ಅಲ್ಯೂಮಿನಿಯಂ ಸಿಕ್ಕಿದ್ರೆ ತಿಂದೇ ಬಿಡುತ್ತೆ. ಆದ್ರೆ ಅದರ ಹೊರಗಿನ ತಟ್ಟೆ ಕೈಯಲ್ಲೇ ಬರುತ್ತೆ. ಒಳಗೆ ಧೂಳು ಸೇರೋಕೇ ಅಂತ ತೂತು ಮಾಡಿಟ್ಟಿದ್ದಾರೆ, ವ್ಯಾಕ್ಯೂಮ್ ಹಿಡಿದ್ರಾಯ್ತು. ಎಲ್ಲಿವರೆಗೆ ನಮ್ಮದು, ಎಲ್ಲಿಂದ ಅವರದು ಅಂತ ಗೆರೆ ಎಳೆದು ಕೊಟ್ಟ ಹಾಗೆ."

ಸುಮಾ ತನ್ನ ಕತೆ ಹೇಳಿದ್ದು 60 ಪರ್ಸೆಂಟ್ ಆಸುಪಾಸಿನಲ್ಲಿ. ಅವಳದು ಎಲ್ಲ ಅಚ್ಚುಕಟ್ಟು. ಡಿಸ್ಕ್ ತೆಗೆದು, ಸೀರಿಯಲ್ ನಂಬರಿನ ಫೋಟೋ ಹೊಡೆದು, ಸುತ್ತ ಥರ್ಮಾಕೋಲು ತುಂಬಿ, ಅಲುಗಾಡಿಸಿ ಸದ್ದು ಬರುವುದಿಲ್ಲ ಅಂತ ಖಾತ್ರಿ ಮಾಡಿ ಕಳಿಸಿದಳು. ಮೂರು ವಾರ ಕಾದಳು. ಪೆಟ್ಟಿಗೆ ಬಂತು. ಮೇಲೊಂದು ಚೀಟಿ: 'ತೊಂದರೆ ಕಂಡುಬಂದಿಲ್ಲ.'

"ಅಲ್ಲಿ ಎಸಿ ರೂಮು. ಖಾಲಿ ಮೇಜು. ಸುತ್ತ ನಾಲ್ಕಡಿ ಜಾಗ. ಆನ್ ಮಾಡಿ ಮೆನು ನೋಡಿ ಆಫ್ ಮಾಡಿರ್ತಾರೆ. ಅಲ್ಲಿ ನನಗೂ ಏನೂ ತೊಂದರೆ ಆಗ್ತಿರಲಿಲ್ಲ" ಅಂದಳು. "ಎರಡನೇ ಸಲ ಕಳಿಸೋವಾಗ, ಅದು ಆಫ್ ಆಗೋದನ್ನ ಪೂರ್ತಿ ವಿಡಿಯೋ ಮಾಡಿ ಜೊತೆಗೆ ಕಳಿಸಿದೆ. ಫ್ಯಾನ್ ಸದ್ದು, ಪರದೆ ಮೇಲಿನ ಸಾಲು, ಎಲ್ಲ. ಬೇರೆ ಕನ್ಸೋಲನ್ನೇ ಕೊಟ್ರು. ಕಳಿಸೋದಾದ್ರೆ ವಿಡಿಯೋ ಇಲ್ಲದೆ ಕಳಿಸಬೇಡ."

97 ಪರ್ಸೆಂಟಿನಲ್ಲಿ ಪಟ್ಟಿ ಐದು ನಿಮಿಷ ಕದಲಲಿಲ್ಲ. ಆ ಐದು ನಿಮಿಷವನ್ನು ವರ್ಣಿಸುವುದಿಲ್ಲ. ಡಾಕ್ಟ್ರು ರಟ್ಟಿನಿಂದ ಗಾಳಿ ಹಾಕುತ್ತಿದ್ದ, ವಕೀಲ್ರು ಕಣ್ಮುಚ್ಚಿದ್ದ. ಆಮೇಲೆ 'ಮುಗಿಯಿತು' ಅಂತ ಬಂತು. 140 ಗಂಟೆ ನನ್ನ ಜೇಬಿಗೆ ಬಂದು ಬಿತ್ತು.

"ಈಗ ವಿಡಿಯೋ" ಅಂದಳು ಸುಮಾ.

ಇರುವುದರಲ್ಲೇ ಭಾರದ ಆಟ ಹಾಕಿದೆ. ಮೊಬೈಲನ್ನು ವಕೀಲ್ರ ಕೈಗೆ ಕೊಟ್ಟೆವು, ಸಾಕ್ಷ್ಯದ ಬೆಲೆ ಗೊತ್ತಿರುವವನು ಅಂತ. 12 ನಿಮಿಷ. ಏನೂ ಇಲ್ಲ. 20. ಏನೂ ಇಲ್ಲ. ಒಂದು ತಿಂಗಳಿಂದ 'ಆಫ್ ಆಗಬೇಡ ಮಾರಾಯ' ಅಂತ ಕೈಮುಗಿದವನು ಈಗ 'ಆಫ್ ಆಗೋ' ಅಂತ ಬೇಡಿಕೊಳ್ಳುತ್ತಿದ್ದೆ. ಮೊಬೈಲಿನ ಮೆಮೊರಿ ತುಂಬುತ್ತದೆ ಅಂತ ವಕೀಲ್ರು ರೆಕಾರ್ಡಿಂಗ್ ನಿಲ್ಲಿಸಿ, ಫ್ಯಾನಿನ ಸದ್ದು ಏರಿದಾಗ ಮತ್ತೆ ಒತ್ತುತ್ತೇನೆ ಅಂದ.

"ನೋಡ್ದ್ಯಾ, ಧೂಳೇ ರೋಗ. ಕಳಿಸೋದು ಬೇಡ" ಅಂತ ಡಾಕ್ಟ್ರು ಎದೆಯುಬ್ಬಿಸಿದ. 30 ನಿಮಿಷ. 40. ಅಷ್ಟರಲ್ಲಿ ನಾನು ಆ ರಾಕ್ಷಸನ ಗುಹೆಗೆ ಬಂದುಬಿಟ್ಟಿದ್ದೆ. ಅವನ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ.

"ಎಡಕ್ಕೆ! ಎಡಕ್ಕೆ ಹಾರು!" ಡಾಕ್ಟ್ರು ಎದ್ದು ನಿಂತ.

"ಕಾಲಿಗೆ ಹೊಡಿಯೋ, ಕಾಲಿಗೆ!" ಸುಮಾ.

"ಹೊಡಿ! ಇನ್ನೊಂದೇ! ಇನ್ನೊಂದೇ ಏಟು!" ಇದು ವಕೀಲ್ರು, ಎರಡೂ ಕೈ ಮೇಲೆತ್ತಿ, ಜೀವನದಲ್ಲಿ ಮೊದಲ ಬಾರಿಗೆ ಯಾವ ಷರತ್ತೂ ಇಲ್ಲದೆ.

ಯಾವಾಗಿನಿಂದಲೋ ವಿಮಾನ ರನ್‌ವೇ ಹಿಡಿದಿತ್ತು. ನಮಗೆ ಕೇಳಿಸಿರಲಿಲ್ಲ. ಕತ್ತಿ ಎತ್ತಿದೆ. ಪರದೆಯ ಮೇಲೆ ಆ ಸಾಲು ಬಂತು. ಕತ್ತಲೆ.

"48 ನಿಮಿಷ" ಅಂದಳು ಸುಮಾ, ಗಡಿಯಾರ ನೋಡಿ. "ಹಾಗಾದ್ರೆ ಧೂಳು ಮಾತ್ರ ಅಲ್ಲ. ಕಳಿಸಲೇಬೇಕು. ವಕೀಲ್ರೇ, ವಿಡಿಯೋ?"

ವಕೀಲ್ರ ಎರಡೂ ಕೈ ಇನ್ನೂ ಮೇಲೇ ಇದ್ದವು. ಮೊಬೈಲು ಸೋಫಾ ಮೇಲೆ ಮಕಾಡೆ ಮಲಗಿತ್ತು.