ಸಿಪಿಯು ಖಾಲಿ, ಡಿಸ್ಕ್ ಖಾಲಿ, ಆದ್ರೂ ಬಿಲ್ ನಿಧಾನ

ಪ್ರಶ್ನೆ: ಸರ್, ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಓಡುತ್ತದೆ. ಬೆಳಗ್ಗೆ ಏನೂ ತೊಂದರೆ ಇಲ್ಲ. ಸಂಜೆ ರಷ್ ಆದಾಗ ಒಂದು ಬಿಲ್ ಸೇವ್ ಆಗಲು ನಾಲ್ಕೈದು ಸೆಕೆಂಡ್ ಬೇಕು. ಸಿಪಿಯು ಶೇ. 15 ದಾಟುವುದಿಲ್ಲ, ಡಿಸ್ಕ್ ಕೂಡ ಆರಾಮಾಗಿದೆ. ರ‍್ಯಾಮ್ ಹಾಕಿಸಿದೆವು, ಉಪಯೋಗವಾಗಲಿಲ್ಲ. ದೊಡ್ಡ ಸರ್ವರ್ ತಗೊಳ್ಳೋದಾ?

ಉತ್ತರ: ಸದ್ಯಕ್ಕೆ ಬೇಡ. ಎರಡೂ ಸುಮ್ನೆ ಕೂತಿವೆ ಅಂದ್ರೆ ಯಾರೋ ಯಾರಿಗೋ ಕಾಯುತ್ತಿದ್ದಾರೆ. ರಷ್ ಇರುವಾಗಲೇ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿ, ಪ್ರತಿ ಸೆಷನ್ (ಡೇಟಾಬೇಸ್ ಸಂಪರ್ಕ) ಈಗ ಏನು ಮಾಡುತ್ತಿದೆ ಅಂತ ಅದು ತೋರಿಸುತ್ತದೆ. ವೇಟ್_ಇವೆಂಟ್_ಟೈಪ್ ಕಾಲಮ್‌ನಲ್ಲಿ 'ಐಒ' ಇದ್ದರೆ ಡಿಸ್ಕ್ ಕಡೆ ಹುಡುಕಿ. 'ಲಾಕ್' (ಬೇರೆ ಸೆಷನ್ ಹಾಕಿದ ಬೀಗಕ್ಕೆ ಕಾಯುವುದು) ಇದ್ದರೆ ಪಿಜಿ_ಬ್ಲಾಕಿಂಗ್_ಪಿಡ್ಸ್ ಫಂಕ್ಷನ್ ಹಾಕಿ, ಅಡ್ಡ ನಿಂತಿರುವುದು ಯಾವ ಸೆಷನ್ ಅಂತ ಹಿಡಿಯಿರಿ.

ಪ್ರಶ್ನೆ: ನೋಡಿದೆ ಸರ್. ಹನ್ನೆರಡು ಸೆಷನ್ 'ಲಾಕ್'. ಒಂದರಲ್ಲಿ 'ಟ್ರಾನ್ಸಾಕ್ಷನ್‌ಐಡಿ', ಉಳಿದವುಗಳಲ್ಲಿ 'ಟ್ಯೂಪಲ್'. ಎಲ್ಲವೂ ಬಿಲ್ ನಂಬರ್ ಟೇಬಲ್‌ನ ಒಂದೇ ರೋ ಅಪ್‌ಡೇಟ್ ಮಾಡುತ್ತಿವೆ. ಅಡ್ಡ ನಿಂತಿರೋದು 'ಐಡಲ್ ಇನ್ ಟ್ರಾನ್ಸಾಕ್ಷನ್', ಅಂದ್ರೆ ಟ್ರಾನ್ಸಾಕ್ಷನ್ (ಒಟ್ಟಿಗೆ ಮುಗಿಯಬೇಕಾದ ಕೆಲಸ) ಶುರು ಮಾಡಿ, ಮುಗಿಸದೆ ಸುಮ್ನೆ ಕೂತಿದೆ.

ಉತ್ತರ: ಸಿಕ್ಕಿತಲ್ಲ! ಸಾಲಿನಲ್ಲಿ ಮೊದಲನೆಯವನಿಗೆ 'ಟ್ರಾನ್ಸಾಕ್ಷನ್‌ಐಡಿ' (ಲಾಕ್ ಹಿಡಿದವನು ಮುಗಿಸಲಿ ಅಂತ ಕಾಯುವುದು), ಹಿಂದಿನವರಿಗೆ 'ಟ್ಯೂಪಲ್' (ಆ ರೋಗೆ ಸರದಿ ಕಾಯುವುದು). ಒಂದೇ ರೋಗೆ ಮುಗಿಬಿದ್ದಾಗ ಹೀಗೇ ಕಾಣುತ್ತದೆ. ಲಾಕ್ ಹಿಡಿದವನು ಡೇಟಾಬೇಸ್‌ನಲ್ಲಿ ಏನೂ ಮಾಡುತ್ತಿಲ್ಲ. ನಂಬರ್ ಹಾಕಿದ ಮೇಲೆ, ಕಮಿಟ್‌ಗೆ (ಟ್ರಾನ್ಸಾಕ್ಷನ್ ಮುಗಿಸಿ ಖಾಯಂ ಮಾಡುವುದಕ್ಕೆ) ಮುಂಚೆ, ನಿಮ್ಮ ಕೋಡ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸುತ್ತೇವೆ.

ಉತ್ತರ: ಅದೇ ನೋಡಿ. ರೋ ಲಾಕ್ ಕಮಿಟ್ ಆಗುವವರೆಗೂ ಬಿಡುವುದಿಲ್ಲ. ಎಸ್ಸೆಮ್ಮೆಸ್ ಕಳಿಸುವ ಗೇಟ್‌ವೇ ಉತ್ತರಕ್ಕೆ 400 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ, ಸಾಲಿನ ಹನ್ನೆರಡನೆಯವನು ಹತ್ತಿರಹತ್ತಿರ 5 ಸೆಕೆಂಡ್ ಕಾಯಬೇಕು. ಎಸ್ಸೆಮ್ಮೆಸ್ಸನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ಹಾಕಿ. 'ಕಳಿಸಬೇಕು' ಅಂತ ಒಂದು ಟೇಬಲ್‌ನಲ್ಲಿ ಬರೆದು ಕಮಿಟ್ ಮಾಡಿ, ಬೇರೆ ಪ್ರೋಗ್ರಾಂ ಕಳಿಸಲಿ. ನಂಬರ್ ಅಪ್‌ಡೇಟ್ ಕಮಿಟ್‌ಗೆ ತುಸು ಮುಂಚೆಯಷ್ಟೇ ಇರಲಿ.

ಇನ್ನೊಬ್ಬರು: ಸೀಕ್ವೆನ್ಸ್ (ಡೇಟಾಬೇಸೇ ಮುಂದಿನ ನಂಬರ್ ಕೊಡುವ ವ್ಯವಸ್ಥೆ) ಹಾಕಿದರೆ ಲಾಕ್ ಗೊಡವೆಯೇ ಇಲ್ಲ ಅಲ್ವಾ? ಸಿಂಕ್ರೊನಸ್_ಕಮಿಟ್ (ಡಿಸ್ಕ್‌ಗೆ ಬರೆದ ಮೇಲೆಯೇ 'ಸೇವ್ ಆಯ್ತು' ಅನ್ನುವ ಸೆಟ್ಟಿಂಗ್) ಆಫ್ ಮಾಡಿದರೂ ವೇಗ ಬರುತ್ತದೆ.

ಉತ್ತರ: ಸೀಕ್ವೆನ್ಸ್ ವೇಗವೇನೋ ಹೌದು. ಆದರೆ ರೋಲ್‌ಬ್ಯಾಕ್ ಆದ (ಅರ್ಧಕ್ಕೆ ರದ್ದಾದ) ಬಿಲ್‌ನ ನಂಬರ್ ವಾಪಸ್ ಬರುವುದಿಲ್ಲ, ಮಧ್ಯೆ ಖಾಲಿ ಬೀಳುತ್ತದೆ. ಜಿಎಸ್‌ಟಿ ಬಿಲ್‌ಗೆ ನಂಬರ್ ಸಾಲಾಗಿರಬೇಕು, ಹಾಗಾಗಿ ಟೇಬಲ್ಲೇ ಇರಲಿ. ಸಿಂಕ್ರೊನಸ್_ಕಮಿಟ್ ಮುಟ್ಟಲೇಬೇಡಿ. ಅದನ್ನು ಆಫ್ ಮಾಡಿದರೆ ಉಳಿಯುವುದು ಡಿಸ್ಕ್‌ಗೆ ಬರೆಯಲು ಕಾಯುವ ಸಮಯ, ಇಲ್ಲಿ ಆ ಸಮಸ್ಯೆಯೇ ಇಲ್ಲ. ಸರ್ವರ್ ದಿಢೀರ್ ನಿಂತರೆ ಸೇವ್ ಆಯ್ತು ಅಂದ ಕೊನೆಯ ಕೆಲವು ಬಿಲ್‌ಗಳೇ ಮಾಯ!

ಮುಂದೆ ಇಂಥದ್ದು ಬೇಗ ಗೊತ್ತಾಗಲು ಲಾಗ್_ಲಾಕ್_ವೇಟ್ಸ್ ಸೆಟ್ಟಿಂಗ್ ಆನ್ ಮಾಡಿಡಿ. ಎಷ್ಟು ಕಾದ ಮೇಲೆ ಬರೆಯಬೇಕು ಅನ್ನುವ ಡೆಡ್‌ಲಾಕ್_ಟೈಮ್‌ಔಟ್ ಸೆಟ್ಟಿಂಗ್ ಬದಲಿಸದಿದ್ದರೆ, 1 ಸೆಕೆಂಡ್‌ಗಿಂತ ಜಾಸ್ತಿ ಕಾದ ಸೆಷನ್‌ಗಳೆಲ್ಲ ಲಾಗ್‌ನಲ್ಲಿ ಬೀಳುತ್ತವೆ.