ಬಜೆಟ್ ಭಾಷಣದಲ್ಲಿ ಹೆಸರು ಬಂದರೆ ಹಣ ಬಂದಂತೆಯೇ?

ಪ್ರಶ್ನೆ (ಜಗಳೂರು ತಾಲ್ಲೂಕಿನ ರೈತರು):
ನಮಸ್ಕಾರ ಸರ್. ನಮ್ಮದು ಮೆಕ್ಕೆಜೋಳ, ಶೇಂಗಾ ಬೆಳೆಯುವ ಖುಷ್ಕಿ ಜಮೀನು. ಭದ್ರಾ ಮೇಲ್ದಂಡೆ ಯೋಜನೆಯ ಹೆಸರನ್ನು ಬಜೆಟ್ ಬಂದಾಗಲೆಲ್ಲ ಕೇಳುತ್ತಲೇ ಇದ್ದೇವೆ. ಸದನದಲ್ಲಿ ಓದಿ ಹೇಳಿದ ಮೇಲೂ ಹಣ ಬರುವುದಿಲ್ಲವೇಕೆ? ನಿಜವಾಗಿ ಎಷ್ಟು ಇಟ್ಟಿದ್ದಾರೆ ಎಂಬುದನ್ನು ನಮ್ಮಂಥವರು ಎಲ್ಲಿ ನೋಡಬೇಕು?

ಉತ್ತರ (ನಿವೃತ್ತ ಲೆಕ್ಕಾಧಿಕಾರಿ, ಚಿತ್ರದುರ್ಗ):
ನಮಸ್ಕಾರ. ತಾವು ಟಿವಿಯಲ್ಲಿ ಕೇಳುವುದು ಭಾಷಣದ ಪುಸ್ತಕ. ಹಣವಿರುವುದು ಬೇರೆ ಪುಸ್ತಕಗಳಲ್ಲಿ. ಸಂವಿಧಾನದ 202ನೇ ವಿಧಿಯ ಪ್ರಕಾರ ಸದನದ ಮುಂದಿಡಬೇಕಾದದ್ದು ವಾರ್ಷಿಕ ಹಣಕಾಸು ವಿವರಣಾ ಪಟ್ಟಿಯೇ ಹೊರತು ಭಾಷಣವಲ್ಲ. ಅದರ ಬೆನ್ನಿಗೆ ಇಲಾಖಾವಾರು ಅನುದಾನ ಬೇಡಿಕೆಗಳು ಬರುತ್ತವೆ, ಸದನ ಅವುಗಳಿಗೆ ಒಪ್ಪಿಗೆ ಕೊಟ್ಟು, 204ನೇ ವಿಧಿಯಂತೆ ಧನವಿನಿಯೋಗ ವಿಧೇಯಕ ಅಂಗೀಕಾರವಾದ ಮೇಲಷ್ಟೇ ರಾಜ್ಯದ ಸಂಚಿತ ನಿಧಿಯಿಂದ ಹಣ ತೆಗೆಯುವ ಅಧಿಕಾರ ಸರ್ಕಾರಕ್ಕೆ ಸಿಗುತ್ತದೆ. ಅಧಿಕಾರ ಸಿಕ್ಕಿದ ಮಾತ್ರಕ್ಕೆ ಹಣವೂ ಹೊರಡುವುದಿಲ್ಲ. ಕಾಮಗಾರಿಗೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್ ಎಲ್ಲ ಮುಗಿದು, ಆರ್ಥಿಕ ಇಲಾಖೆ ಕಂತು ಬಿಡುಗಡೆ ಮಾಡಬೇಕು. ಗುತ್ತಿಗೆದಾರರು ‘ಎಲ್‌ಒಸಿ ಬಂತೇ’ (ಬಿಲ್ಲಿನ ಹಣ ಪಾವತಿಸಲು ಅನುಮತಿಸುವ ಪತ್ರ) ಎಂದು ಕಚೇರಿಗೆ ಅಲೆಯುವುದು ಈ ಕೊನೆಯ ಮೆಟ್ಟಿಲಿನಲ್ಲಿ.

ನಾನು ಕಣ್ಣಾರೆ ಕಂಡ ಒಂದು ಕಡತದ ಸಂಗತಿ ಹೇಳುತ್ತೇನೆ. ಕಚೇರಿಯ ಹೆಸರು ಬೇಡ. ಭಾಷಣದಲ್ಲಿ ಆ ಕಾಮಗಾರಿಗೆ ಇಡೀ ಒಂದು ಪ್ಯಾರಾ ಮೀಸಲಾಗಿತ್ತು, ಊರಿನವರು ಪಟಾಕಿ ಹೊಡೆದಿದ್ದರು. ಅಂದಾಜು ಪುಸ್ತಕ ತೆರೆದರೆ ಅದರ ಎದುರು ‘1.00’ ಎಂದಷ್ಟೇ ಮುದ್ರಿತವಾಗಿತ್ತು. ನಮ್ಮ ಅಂದಾಜು ಪುಸ್ತಕಗಳಲ್ಲಿ ಅಂಕಿಗಳು ಲಕ್ಷಗಳಲ್ಲಿರುತ್ತವೆ, ಆದ್ದರಿಂದ ಅದರ ಅರ್ಥ 1 ಲಕ್ಷ ರೂಪಾಯಿ. ಲೆಕ್ಕ ಶೀರ್ಷಿಕೆ ಜೀವಂತವಾಗಿರಲಿ ಎಂದು ಇಡುವ ಇಂತಹ ಮೊತ್ತಕ್ಕೆ ಸಾಂಕೇತಿಕ ಅವಕಾಶ ಎನ್ನುತ್ತೇವೆ. ಅದರಲ್ಲಿ ಒಂದು ಅಡ್ಡಮೋರಿಯೂ ಆಗುವುದಿಲ್ಲ.

ಹಾಗಾಗಿ ಪುಸ್ತಕ ನೋಡುವಾಗ ಎರಡು ವಿಷಯ ಗಮನಿಸಿ. ಲೆಕ್ಕ ಶೀರ್ಷಿಕೆಯ ಮೊದಲ ಅಂಕಿ 2 ಅಥವಾ 3 ಆಗಿದ್ದರೆ ಅದು ರಾಜಸ್ವ ವೆಚ್ಚ, ಅಂದರೆ ಸಂಬಳ, ಪಿಂಚಣಿ, ಸಹಾಯಧನ, ದುರಸ್ತಿ. 4 ಅಥವಾ 5 ಆಗಿದ್ದರೆ ಬಂಡವಾಳ ವೆಚ್ಚ, ಅಂದರೆ ಕಾಲುವೆ, ರಸ್ತೆ, ಕಟ್ಟಡ. ಸಣ್ಣ ನೀರಾವರಿಯ ನಿರ್ವಹಣೆ 2702ರಲ್ಲಿದ್ದರೆ ಹೊಸ ಕೆಲಸ 4702ರಲ್ಲಿರುತ್ತದೆ. ಇನ್ನು ಪ್ರತಿ ಸಾಲಿನ ಎದುರು ನಾಲ್ಕು ಕಾಲಂಗಳಿರುತ್ತವೆ: ಹಿಂದಿನ ವರ್ಷದ ಲೆಕ್ಕ, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಜನರೆಲ್ಲ ನಾಲ್ಕನೆಯದನ್ನು ಓದುತ್ತಾರೆ. ನಾನು ಮೊದಲನೆಯದನ್ನು ಓದುತ್ತೇನೆ, ಏಕೆಂದರೆ ಖರ್ಚಾದದ್ದು ಅಲ್ಲಿ ಮಾತ್ರ ಕಾಣುತ್ತದೆ.

ಭದ್ರಾ ಮೇಲ್ದಂಡೆಯ ವಿಷಯದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ತುಂಗಾದಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ 29.9 ಟಿಎಂಸಿ ಅಡಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಹನಿ ನೀರಾವರಿಯ ಮೂಲಕ ಕೊಡುವ ಯೋಜನೆಯಿದು. ಕೆಲಸ ಮಾಡಿಸುವುದು ವಿಶ್ವೇಶ್ವರಯ್ಯ ಜಲ ನಿಗಮವಾದ್ದರಿಂದ ಹಣ ನಿಗಮಕ್ಕೆ ಹೋಗುತ್ತದೆ. ಜಗಳೂರಿಗೆ ಎಷ್ಟು ಎಂಬ ಪ್ರತ್ಯೇಕ ಸಾಲನ್ನು ರಾಜ್ಯದ ಬಜೆಟ್ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ. ಜೊತೆಗೆ, 2023ರ ಫೆಬ್ರುವರಿ 1ರಂದು ಕೇಂದ್ರದ ಬಜೆಟ್ ಭಾಷಣದಲ್ಲಿ ಇದೇ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ಅಲ್ಲಿಂದೀಚೆಗೆ ಮತ್ತೆ ಮತ್ತೆ ಹೇಳಿದೆ. ಘೋಷಣೆಗೂ ಬಿಡುಗಡೆಗೂ ನಡುವಿನ ದೂರ ಬೆಂಗಳೂರಿನಲ್ಲಿ ಮಾತ್ರ ಇಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಪ್ರಶ್ನೆ (ದಾವಣಗೆರೆಯ ಕಾಲೇಜು ಉಪನ್ಯಾಸಕಿ):
ಸರ್, ಗ್ಯಾರಂಟಿ ಯೋಜನೆಗಳಿಂದಾಗಿಯೇ ನೀರಾವರಿಗೆ ಹಣವಿಲ್ಲ ಎನ್ನುವ ಮಾತು ನಮ್ಮ ಸ್ಟಾಫ್ ರೂಮಿನಲ್ಲಿ ದಿನವೂ ನಡೆಯುತ್ತದೆ. ಅಂಕಿ ಅಂಶ ಏನು ಹೇಳುತ್ತದೆ?

ಉತ್ತರ:
ಮೇಡಂ, 2025-26ನೇ ಸಾಲಿನ ಆಯವ್ಯಯವನ್ನೇ ತೆಗೆದುಕೊಳ್ಳೋಣ. ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ 51,034 ಕೋಟಿ, ಅದರಲ್ಲಿ ಗೃಹಲಕ್ಷ್ಮಿಗೇ 28,608 ಕೋಟಿ. ಒಟ್ಟು ಗಾತ್ರದ ಎದುರಿಗಿಟ್ಟರೆ ಇದು ಎಂಟನೇ ಒಂದು ಭಾಗ. ಆದರೆ ಗಾತ್ರದಲ್ಲಿ ಸಾಲವೂ ಸೇರಿರುವುದರಿಂದ ಆ ಹೋಲಿಕೆ ನನಗೆ ಸರಿಕಾಣುವುದಿಲ್ಲ. ರಾಜ್ಯ ತಾನೇ ಸಂಗ್ರಹಿಸುವ ತೆರಿಗೆಯ ಅಂದಾಜು 2,08,100 ಕೋಟಿ. ಅದರ ಎದುರು ನೋಡಿದರೆ ಸುಮಾರು ಕಾಲು ಭಾಗವಾಗುತ್ತದೆ. ಇದು ಸಣ್ಣ ಹೊರೆಯಲ್ಲ.

ಹಾಗೆಂದು ಕಾಲುವೆಯ ಹಣವೆಲ್ಲ ಅಲ್ಲಿಗೇ ಹೋಯಿತು ಎಂದರೂ ತಪ್ಪಾಗುತ್ತದೆ. ರಾಜಸ್ವ ಜಮೆ 2,92,477 ಕೋಟಿ, ರಾಜಸ್ವ ವೆಚ್ಚ 3,11,739 ಕೋಟಿ. 19,262 ಕೋಟಿ ಖೋತಾ. ಅದೇ ವರ್ಷ 1,16,000 ಕೋಟಿ ಸಾಲ ಎತ್ತುವ ಅಂದಾಜಿತ್ತು. ಆ ಸಾಲ ಎಲ್ಲಿಗೆ ಹೋಗುತ್ತದೆ ನೋಡಿ: ಬಂಡವಾಳ ವೆಚ್ಚ 71,336 ಕೋಟಿ, ಹಳೆಯ ಸಾಲದ ಅಸಲು ಮರುಪಾವತಿ 26,474 ಕೋಟಿ, ಮೇಲೆ ಹೇಳಿದ ಖೋತಾ 19,262 ಕೋಟಿ. ಕೂಡಿದರೆ ಸಾಲದ ಮೊತ್ತಕ್ಕಿಂತ ತುಸು ಹೆಚ್ಚೇ. ಅಂದರೆ ಹೊಲಕ್ಕೆ ಬೋರ್ ಕೊರೆಸಲು ಕೈಗಡ ತಂದವನು ಅದರಲ್ಲೇ ಸ್ವಲ್ಪ ಕಿರಾಣಿ ಅಂಗಡಿಯ ಬಾಕಿಗೂ ಕೊಟ್ಟಂತೆ. ಈ ಬಾಕಿಯಲ್ಲಿ ಗ್ಯಾರಂಟಿಯಷ್ಟೇ ಅಲ್ಲ, ಸಂಬಳ, ನಮ್ಮಂಥವರ ಪಿಂಚಣಿ, ಬಡ್ಡಿ, ಪಂಪ್‌ಸೆಟ್ಟಿನ ವಿದ್ಯುತ್ ಸಹಾಯಧನ ಎಲ್ಲವೂ ಇವೆ. 2002ರ ರಾಜ್ಯ ವಿತ್ತೀಯ ಹೊಣೆಗಾರಿಕೆ ಕಾಯ್ದೆ ವಿತ್ತೀಯ ಕೊರತೆಯನ್ನು, ಅಂದರೆ ಸಾಲ ಬಿಟ್ಟು ಬರುವ ಹಣಕ್ಕಿಂತ ಹೆಚ್ಚಾಗುವ ಖರ್ಚನ್ನು (ಹಳೆಯ ಸಾಲದ ಅಸಲು ಬಿಟ್ಟು), ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3ರೊಳಗೆ ಇಡಬೇಕೆನ್ನುತ್ತದೆ. ಆ ವರ್ಷದ ಅಂದಾಜು ಶೇ 2.95. ಹೀಗಿರುವಾಗ ಇನ್ನಷ್ಟು ಸಾಲ ಮಾಡಿ ಕಾಲುವೆ ತೋಡಲು ಜಾಗವಿಲ್ಲ. ನಮ್ಮ ಜಿಲ್ಲೆಗಳ ಚರ್ಚೆ ನಿಲ್ಲಬೇಕಾದದ್ದು ಆ 71,336 ಕೋಟಿಯಲ್ಲಿ ಎಷ್ಟು ನಿಜವಾಗಿ ಖರ್ಚಾಯಿತು ಎಂಬಲ್ಲಿ. ವರ್ಷದ ನಡುವೆ ವರಮಾನ ಕುಗ್ಗಿದರೆ ಸಂಬಳ ತಡೆಯಲಾಗುವುದಿಲ್ಲ, ಬಡ್ಡಿ ತಡೆಯಲಾಗುವುದಿಲ್ಲ. ತಡೆಯಲು ಸುಲಭವಾಗಿ ಸಿಗುವುದು ಕಾಮಗಾರಿಯ ಕಂತು.

ಪ್ರಶ್ನೆ (ಹೊಸದುರ್ಗದ ಎಸ್‌ಡಿಎಂಸಿ ಸದಸ್ಯರು):
ನಮ್ಮ ಶಾಲಾ ಕೊಠಡಿಯ ದುರಸ್ತಿಗೂ ಇದೇ ಪುಸ್ತಕ ನೋಡಬೇಕೇ?

ಉತ್ತರ:
ಬೇಡ. ಪಂಚಾಯಿತಿಗಳ ಮೂಲಕ ಖರ್ಚಾಗುವ ಜಿಲ್ಲಾ ವಲಯದ ಅನುದಾನ ಲಿಂಕ್ ಡಾಕ್ಯುಮೆಂಟ್ ಎಂಬ ಬೇರೆ ಬಜೆಟ್ ಪುಸ್ತಕದಲ್ಲಿ ಜಿಲ್ಲಾವಾರಾಗಿ ಸಿಗುತ್ತದೆ. ಜಿಲ್ಲಾ ಪಂಚಾಯಿತಿಯ ಲೆಕ್ಕ ಶಾಖೆಯಲ್ಲಿ ಕೇಳಿ. ಮಾರ್ಚ್‌ವರೆಗೆ ಕಾಯಬೇಡಿ. ಆ ತಿಂಗಳ ಕೊನೆಯ ವಾರ ಖಜಾನೆಯಲ್ಲಿ ಬಿಲ್ಲುಗಳ ಕಟ್ಟು ಮೇಜು ಬಿಟ್ಟು ನೆಲಕ್ಕೆ ಇಳಿದಿರುತ್ತದೆ, 31ರೊಳಗೆ ಪಾಸಾಗದ ಹಣ ಲ್ಯಾಪ್ಸ್ ಆಗುತ್ತದೆ.

ಪ್ರಶ್ನೆ (ಜಗಳೂರಿನ ರೈತರು):
ಸರ್, ಹಾಗಾದರೆ ನಾವು ನಿಗಮಕ್ಕೆ ಏನೆಂದು ಬರೆದು ಕೇಳಬೇಕು?

ಉತ್ತರ:
ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ನಮ್ಮ ಕಾಲುವೆ ಯಾವಾಗ ಮುಗಿಯುತ್ತದೆ’ ಎಂದು ಕೇಳಬೇಡಿ. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಜಗಳೂರು ಭಾಗದ ಪ್ಯಾಕೇಜಿನ (ಒಂದೇ ಟೆಂಡರಿನಲ್ಲಿ ಕೊಟ್ಟ ಕಾಮಗಾರಿ) ಹೆಸರು, ಆಡಳಿತಾತ್ಮಕ ಅನುಮೋದನೆಯ ದಿನಾಂಕ, ಟೆಂಡರ್ ಮೊತ್ತ, ಕಳೆದ ಮೂರು ವರ್ಷಗಳಲ್ಲಿ ವರ್ಷವಾರು ಬಿಡುಗಡೆ ಮತ್ತು ವೆಚ್ಚ, ಬಾಕಿ ಬಿಲ್ಲುಗಳ ಮೊತ್ತ, ಭೂಸ್ವಾಧೀನ ಬಾಕಿಯಿರುವ ಸರ್ವೆ ನಂಬರುಗಳು, ಇವುಗಳ ದಾಖಲೆಯ ಪ್ರತಿ ಕೇಳಿ. ಉತ್ತರ ಬಂದಾಗ ಪುಟಗಳ ಫೋಟೊ ಇಲ್ಲಿ ಹಾಕಿ, ಕೂತು ಓದೋಣ.