ಮಳೆಗಾಲದಲ್ಲಿ ಇಂಕ್ ಒಣಗುತ್ತಿಲ್ಲ, ಕಾರ್ಡ್ ಬಾಗುತ್ತಿದೆ: ಕೈಲ್ ಪೊಳ್ದ್‌ಗೆ 60 ಕಾರ್ಡ್

ಪ್ರಶ್ನೆ (ಮಡಿಕೇರಿ)

ಕೈಲ್ ಪೊಳ್ದ್‌ಗೆ (ಕೊಡವರ ಆಯುಧಪೂಜೆಯ ಹಬ್ಬ) ಸೆಪ್ಟೆಂಬರ್ ಮೊದಲ ವಾರದೊಳಗೆ 60 ಶುಭಾಶಯ ಕಾರ್ಡ್ ಆಗಬೇಕು. ಬುಡಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಬಿಳಿ ಎ4 ಹಾಳೆ. ಮಡಿಚಿದ ಮೇಲೆ ಅಳತೆ 105×148 ಮಿ.ಮೀ. 30 ಕಾರ್ಡ್ ಪಕ್ಕಕ್ಕೆ ತೆರೆಯುವವು, 30 ಮೇಲಕ್ಕೆ ತೆರೆಯುವವು. ಮುಂಭಾಗಕ್ಕೆ 95×138ರ ಚಿತ್ತಾರದ ಹಾಳೆಯನ್ನು ಬಿಳಿ ಅಂಟಿನಲ್ಲಿ ಅಂಟಿಸಿ, ಅದರ ಮೇಲೆ ತೋಕ್ ಪೂವಿನ (ಈ ಹಬ್ಬದಲ್ಲಿ ಕೋವಿಗೆ ಮುಡಿಸುವ ಹೂ) ಪಾರದರ್ಶಕ ಸ್ಟಾಂಪ್ ಒತ್ತುತ್ತಿದ್ದೇನೆ. ಪಿಗ್ಮೆಂಟ್ ಇಂಕ್, ಕೆಲವಕ್ಕೆ ಚಿನ್ನದ ಬಣ್ಣದ ಎಂಬಾಸಿಂಗ್ ಪೌಡರ್ (ಹಸಿ ಇಂಕಿನ ಮೇಲೆ ಸುರಿದು ಬಿಸಿಗೆ ಕರಗಿಸಿದರೆ ಉಬ್ಬಿ ನಿಲ್ಲುವ ಪುಡಿ).

ತೊಂದರೆಗಳು: ಪೌಡರ್ ಹಾಕದ ಕಾರ್ಡುಗಳಲ್ಲಿ ಇಂಕ್ ಮಾರನೇ ದಿನವೂ ಬೆರಳಿಗೆ ಹತ್ತುತ್ತದೆ. ಚಿನ್ನದ ಪೌಡರ್ ಹೂವಿನ ಹೊರಗೂ ಚುಕ್ಕೆಚುಕ್ಕೆಯಾಗಿ ಕೂರುತ್ತದೆ. ಕಾರ್ಡ್ ದೋಣಿಯಂತೆ ಬಾಗುತ್ತದೆ. ಮೇಲಕ್ಕೆ ತೆರೆಯುವ ಕಾರ್ಡುಗಳ ಮಡಿಕೆ ಮಾತ್ರ ಬಿರಿಯುತ್ತದೆ. ಎಲ್ಲಕ್ಕೂ ಥಂಡಿಯೇ ಕಾರಣವೇ?

ಉತ್ತರ (ವಿರಾಜಪೇಟೆ)

ಮಡಿಕೆ ಬಿರಿಯುವುದಕ್ಕೂ ಮಳೆಗೂ ಸಂಬಂಧವಿಲ್ಲ. ಅದು ಕಾಗದದ ನಾರಿನ ದಿಕ್ಕಿನ ಸಮಸ್ಯೆ. ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದದ ಅಂಚಿನ ಗುಂಟ ಇರುತ್ತದೆ. ಹಾಳೆಯನ್ನು ಅಡ್ಡ ಕತ್ತರಿಸಿ ಎರಡು ಎ5 ಮಾಡಿ ಮಡಿಚಿದರೆ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ. ಮೇಲಕ್ಕೆ ತೆರೆಯಲೆಂದು ನೀವು ಉದ್ದಕ್ಕೆ ಸೀಳಿ 105×297ರ ಪಟ್ಟಿ ಮಾಡಿದ್ದೀರಿ, ಅಲ್ಲವೇ? ಅಲ್ಲಿ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. 300 ಜಿಎಸ್‌ಎಂ ದಪ್ಪದಲ್ಲಿ ಬಿರಿಯದೆ ಇನ್ನೇನಾದೀತು!

ಅನುಮಾನವಿದ್ದರೆ 5 ಸೆಂ.ಮೀ. ಚೌಕ ತುಂಡು ಕತ್ತರಿಸಿ, ಹಾಳೆಯ ಉದ್ದದ ದಿಕ್ಕನ್ನು ಅದರ ಮೇಲೆ ಗುರುತು ಮಾಡಿ, ಒಂದೇ ಬದಿಗೆ ನೀರು ಸವರಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆಯ ಉದ್ದ ಯಾವ ಕಡೆಗಿದೆಯೋ ನಾರು ಆ ಕಡೆಗೆ.

ಉಳಿದವನ್ನೆಲ್ಲ ಪಕ್ಕಕ್ಕೇ ತೆರೆಯುವಂತೆ ಮಾಡಿ. ಮೇಲಕ್ಕೇ ತೆರೆಯಬೇಕೆಂದಿದ್ದರೆ ಮೊದಲು ಇಂಕ್ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಇಟ್ಟು ಎರಡು ಸಲ ಗೆರೆ ಒತ್ತಿ. ಒತ್ತಿದಾಗ ಹಿಂಬದಿಯಲ್ಲಿ ಉಬ್ಬು ಏಳುತ್ತದೆ. ಆ ಉಬ್ಬು ಮಡಿಕೆಯ ಒಳಗೆ ಬರುವಂತೆ ಮಡಿಚಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಉತ್ತರ (ಕುಶಾಲನಗರ)

ಇಂಕ್ ವಿಷಯ. ಡೈ ಇಂಕ್ ಕಾಗದದೊಳಗೆ ಇಳಿದು ಒಣಗುತ್ತದೆ. ಪಿಗ್ಮೆಂಟ್ ಇಂಕ್ ಮೇಲೆಯೇ ಕೂರುತ್ತದೆ, ನಿಧಾನಕ್ಕೆ ಒಣಗುತ್ತದೆ. ನಿಮ್ಮ ಚಿತ್ತಾರದ ಹಾಳೆ ನುಣುಪಾಗಿ ಹೊಳೆಯುವಂಥದ್ದಾದರೆ ಅದಕ್ಕೆ ಇಳಿಯಲು ಜಾಗವೇ ಇಲ್ಲ. ಬೇಸಿಗೆಯಲ್ಲೂ ಅದು ಹಾಗೇ ಹತ್ತುತ್ತಿತ್ತು, ಮಳೆ ಬರೀ ನೆಪ. ಹೊಳಪಿಲ್ಲದ ಹಾಳೆಗೆ ಡೈ ಇಂಕ್ ಬಳಸಿ. ಹೊಳಪಿನದೇ ಬೇಕಾದರೆ ಪಿಗ್ಮೆಂಟ್ ಇಂಕ್ ಇರಲಿ, ಆದರೆ ಪ್ರತಿಯೊಂದಕ್ಕೂ ಪೌಡರ್ ಹಾಕಿ ಕರಗಿಸಿ.

ಪೌಡರ್ ಚುಕ್ಕೆಗೆ ಮಾತ್ರ ಥಂಡಿಯೇ ಕಾರಣ. ತೇವ ಹೀರಿದ ಹಾಳೆ ಪೌಡರನ್ನು ಎಲ್ಲೆಂದರಲ್ಲಿ ಹಿಡಿಯುತ್ತದೆ, ಬೆರಳಿನ ಎಣ್ಣೆಯೂ ಹಿಡಿಯುತ್ತದೆ. ಒತ್ತುವ ಮೊದಲು ಹಾಳೆಯ ಮೇಲೆ ಹೀಟ್ ಗನ್ನನ್ನು (ಬಿಸಿಗಾಳಿ ಊದುವ ಸಲಕರಣೆ) ಐದಾರು ಸೆಕೆಂಡ್ ಆಡಿಸಿ, ತಣ್ಣಗಾಗಲು ಬಿಡಿ. ಆಮೇಲೆ ಟಾಲ್ಕಂ ಪೌಡರ್ ಕಟ್ಟಿದ ಬಟ್ಟೆಗಂಟಿನಿಂದ ಒಮ್ಮೆ ಒರೆಸಿ. ಸ್ಟಾಂಪ್ ಒತ್ತಿ, ಕೂಡಲೇ ಚಿನ್ನದ ಪೌಡರ್ ಸುರಿದು, ಹಿಂದಿನಿಂದ ತಟ್ಟಿ ಉದುರಿಸಿ. ಉಳಿದ ಚುಕ್ಕೆಗಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಹಾಳೆ ಬೇಡ.

ಹೀಟ್ ಗನ್ನನ್ನು ಮೊದಲು ಖಾಲಿ ಜಾಗಕ್ಕೆ ಹಿಡಿದು 15 ಸೆಕೆಂಡ್ ಕಾಯಿಸಿ, ಆಮೇಲೆ ಹಾಳೆಗೆ ತನ್ನಿ. ತಣ್ಣನೆಯ ಗನ್ ತಂದರೆ ಪೌಡರ್ ಕರಗುವ ಹೊತ್ತಿಗೆ ಕಾಗದ ಸೆಟೆದಿರುತ್ತದೆ. ಪುಡಿಪುಡಿಯಾಗಿದ್ದದ್ದು ಥಟ್ಟನೆ ಹೊಳೆದ ಕ್ಷಣಕ್ಕೆ ಮುಂದಕ್ಕೆ ಸರಿಯಿರಿ. ಅಲ್ಲೇ ನಿಂತರೆ ಚಿನ್ನ ಕಾಗದಕ್ಕೆ ಇಂಗಿ ಎಣ್ಣೆಯ ಕಲೆಯಂತೆ ಕಾಣುತ್ತದೆ.

ಮುಖ್ಯವಾದದ್ದು: ನೀವು ಅಂಟಿಸಿದ ಮೇಲೆ ಎಂಬಾಸ್ ಮಾಡುತ್ತಿದ್ದೀರಿ. ಕೆಲಸದ ಕ್ರಮವೇ ತಪ್ಪು. ಮೊದಲು ಬಿಡಿ ಹಾಳೆಗೆ ಒತ್ತಿ ಕರಗಿಸಿ, ಭಾರದ ಕೆಳಗೆ ಚಪ್ಪಟೆ ಮಾಡಿ, ಕೊನೆಗೆ ಅಂಟಿಸಿ. ಬಾಗುವುದರಲ್ಲಿ ಅರ್ಧ ಇಲ್ಲಿಗೇ ತೀರುತ್ತದೆ.

ಉತ್ತರ (ವಿರಾಜಪೇಟೆ)

ಉಳಿದರ್ಧ ಬಿಳಿ ಅಂಟಿನದು. ಅದರ ನೀರಿಗೆ ತೆಳು ಹಾಳೆ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಹಿಗ್ಗಿದಂತೆಯೇ ಅಂಟಿಕೊಳ್ಳುತ್ತದೆ, ಒಣಗುವಾಗ ಕುಗ್ಗಿ ಕಾರ್ಡನ್ನೂ ಎಳೆಯುತ್ತದೆ. 6 ಮಿ.ಮೀ. ಡಬಲ್ ಸೈಡ್ ಟೇಪ್ ಬಳಸಿ. ನಾಲ್ಕು ಅಂಚಿಗೆ 47 ಸೆಂ.ಮೀ., ನಡುವೆ ಒಂದು ಪಟ್ಟಿ 13 ಸೆಂ.ಮೀ., ಒಟ್ಟು ಕಾರ್ಡಿಗೆ 60 ಸೆಂ.ಮೀ. ಅರವತ್ತು ಕಾರ್ಡಿಗೆ 36 ಮೀಟರ್, 40 ತರಿಸಿ. ಚಿತ್ತಾರದ ಹಾಳೆಯ ನಾರು ಕಾರ್ಡಿನ ನಾರಿನ ಕಡೆಗೇ ಇರಲಿ.

ಕತ್ತರಿಸುವ ಲೆಕ್ಕ: 12 ಇಂಚು ಚೌಕದ ಹಾಳೆಯಲ್ಲಿ 95×138ರ ಆರು ತುಂಡು ಬರುತ್ತವೆ, ಅಂದರೆ 10 ಹಾಳೆ. ಹಾಳಾಗುವುದಕ್ಕೆ ಇನ್ನೊಂದು. ಎ4 ಹಾಳೆ 30, ಮೇಲೆ ಮೂರು.

ಪ್ರಶ್ನೆ (ಮಡಿಕೇರಿ)

ಆಗಲೇ ಮಾಡಿಟ್ಟ 18 ಕಾರ್ಡುಗಳ ಗತಿ? ಮನೆಯಲ್ಲಿ ಒಲೆಯ ಅಟ್ಟದ ಮೇಲಿಡು ಅನ್ನುತ್ತಾರೆ.

ಉತ್ತರ (ಕುಶಾಲನಗರ)

ಅಟ್ಟ ಬೇಡ. ಹೊಗೆಗೆ ಹಳದಿಯಾಗುತ್ತದೆ, ವಾಸನೆಯೂ ಹೋಗುವುದಿಲ್ಲ. ಇಂಕ್ ಇನ್ನೂ ಅಂಟಂಟಾಗಿದ್ದರೆ ಪಾರದರ್ಶಕ ಎಂಬಾಸಿಂಗ್ ಪೌಡರ್ ಸುರಿದು ಕರಗಿಸಿ, ಬದುಕುತ್ತದೆ. ಬಾಗಿದವಕ್ಕೆ ಮುಂಪುಟದ ಒಳಮಗ್ಗುಲಿಗೆ ಅದೇ ಅಳತೆಯ ಕಾಗದವನ್ನು ಅದೇ ಬಿಳಿ ಅಂಟಿನಲ್ಲಿ, ನಾರು ಅದೇ ದಿಕ್ಕಿಗಿಟ್ಟು ಅಂಟಿಸಿ. ಎರಡೂ ಕಡೆಯ ಎಳೆತ ಸಮವಾಗುತ್ತದೆ. ಬಟರ್ ಪೇಪರ್ ನಡುವೆ ಇಟ್ಟು ಎರಡು ರಾತ್ರಿ ಭಾರದ ಕೆಳಗಿಡಿ.

ಹೊಸ ಹಾಳೆಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಬೇಕಾದಷ್ಟೇ ಹೊರತೆಗೆಯಿರಿ. ಕಿತ್ತಳೆ ಬಣ್ಣದ ಹರಳು ಕೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಕಾಫಿ ಬೀಜದ ತೇವ ನೋಡಿ ಚೀಲ ಕಟ್ಟುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲಕೋಟೆ ಸಿ6, 114×162. ಅಂಟು ಸವರಿರುವ ಮುಚ್ಚಳದ ಕೆಳಗೂ ಒಂದು ಬಟರ್ ಪೇಪರ್ ಪಟ್ಟಿ ಸಿಕ್ಕಿಸಿಡಿ. ಇಲ್ಲದಿದ್ದರೆ ಮಡಿಕೇರಿಯ ಮಂಜಿಗೆ ಖಾಲಿ ಲಕೋಟೆಗಳು ತಾವಾಗಿಯೇ ಅಂಟಿಕೊಂಡು ಕೂತಿರುತ್ತವೆ.